ಹಗ್ಗದ ಎಳೆತವನ್ನು ಲೆಕ್ಕ ಹಾಕುವ ಬಗೆ: ಜೋಡಿಸಿದ ವಸ್ತುಗಳಿಗೆ ನ್ಯೂಟನ್ನನ ನಿಯಮಗಳು

ಪ್ರಯೋಗಶಾಲೆಯ ಮೇಜಿನ ಎರಡು ಅಂಚುಗಳಿಗೆ ಒಂದೊಂದು ರಾಟೆ ಬಿಗಿದಿದೆ. ನಡುವೆ ಸ್ಪ್ರಿಂಗ್ ತಕ್ಕಡಿಯೊಂದನ್ನು ಮಲಗಿಸಿ, ಮಲಗಿಸಿದ ಸ್ಥಿತಿಯಲ್ಲೂ ಅದರ ಮುಳ್ಳು ಸೊನ್ನೆಯ ಮೇಲೇ ಇದೆಯೆಂದು ನೋಡಿಕೊಂಡು, ಎರಡೂ ತುದಿಗಳಿಗೆ ದಾರ ಕಟ್ಟಿ, ದಾರಗಳನ್ನು ರಾಟೆಗಳ ಮೇಲಿಂದ ಇಳಿಬಿಟ್ಟು, ಎರಡೂ ಕಡೆ ಒಂದೊಂದು ಕಿಲೋಗ್ರಾಂ ತೂಗುಹಾಕಿದರೆ ತಕ್ಕಡಿ ಎಷ್ಟು ತೋರಿಸುತ್ತದೆ? ಪಿಯುಸಿ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಉತ್ತರ ಎರಡು ಪಂಗಡವಾಗಿ ಒಡೆಯುತ್ತದೆ. ಎರಡೂ ಕಡೆಯಿಂದ ಎಳೆಯುತ್ತಿರುವುದರಿಂದ ಎರಡು ಎನ್ನುವವರು ಕೆಲವರು. ಎರಡು ಬಲಗಳು ಒಂದನ್ನೊಂದು ಕಳೆದುಕೊಳ್ಳುವುದರಿಂದ ಸೊನ್ನೆ ಎನ್ನುವವರು ಇನ್ನು ಕೆಲವರು. ಮುಳ್ಳು ಬಂದು ನಿಲ್ಲುವುದು ಒಂದರ ಗೆರೆಯ ಮೇಲೆ.

ಒಂದು ಕಡೆಯ ತೂಕವನ್ನು ಬಿಚ್ಚಿ, ಆ ದಾರವನ್ನು ಗೋಡೆಯ ಮೊಳೆಗೆ ಕಟ್ಟಿ ನೋಡಿ. ಮುಳ್ಳು ಕದಲುವುದಿಲ್ಲ. ಮೊಳೆ ಮಾಡುತ್ತಿದ್ದ ಕೆಲಸವನ್ನೇ ಮೊದಲು ಎರಡನೆಯ ತೂಕ ಮಾಡುತ್ತಿತ್ತು. ಒಂದು ಹಗ್ಗ ಬಿಗಿಯಾಗಬೇಕಾದರೆ ಅದನ್ನು ಎರಡೂ ತುದಿಗಳಲ್ಲಿ ಹಿಡಿಯಲೇಬೇಕು. ಹಾಗೆ ಎರಡೂ ಕಡೆ 9.8 ನ್ಯೂಟನ್ (ಒಂದು ಕಿಲೋಗ್ರಾಮಿನ ತೂಕದಷ್ಟು) ಬಲದಿಂದ ಹಿಡಿದ ಹಗ್ಗದ ಎಳೆತ 9.8 ನ್ಯೂಟನ್ನೇ ಹೊರತು 19.6 ಅಲ್ಲ. ಈ ಒಂದು ಸಂಗತಿ ಮನಸ್ಸಿಗೆ ಇಳಿಯದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲವಾದ್ದರಿಂದ ಸಾಧ್ಯವಿದ್ದವರು ಈ ಪ್ರಯೋಗವನ್ನು ಕೈಯಾರೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಎಳೆತ ಎಂದರೆ ಏನು, ಅದನ್ನು ಏಕೆ ಊಹಿಸಬಾರದು

ತರಗತಿಯಲ್ಲಿ ಎಲ್ಲರೂ ಟೆನ್ಷನ್ ಎನ್ನುವ ಈ ಬಲಕ್ಕೆ ಕನ್ನಡದ ಪಠ್ಯಗಳು ಎಳೆತ, ಬಿಗಿತ, ಕರ್ಷಣ ಎಂಬ ಬೇರೆ ಬೇರೆ ಪದಗಳನ್ನು ಬಳಸುತ್ತವೆ. ಇಲ್ಲಿ ಎಳೆತ ಎಂದೇ ಇಟ್ಟುಕೊಳ್ಳೋಣ. ಬಿಗಿಯಾಗಿರುವ ಹಗ್ಗವನ್ನು ಯಾವುದೋ ಒಂದು ಜಾಗದಲ್ಲಿ ಮನಸ್ಸಿನಲ್ಲೇ ಕತ್ತರಿಸಿದಿರಿ ಎನ್ನಿ. ಆ ಜಾಗದ ಎಡಗಡೆಯ ತುಂಡು ಬಲಗಡೆಯ ತುಂಡನ್ನು ತನ್ನತ್ತ ಎಳೆಯುತ್ತಿತ್ತು, ಬಲಗಡೆಯದು ಎಡಗಡೆಯದನ್ನು ಅಷ್ಟೇ ಬಲದಿಂದ ಎಳೆಯುತ್ತಿತ್ತು. ಆ ಬಲದ ಪ್ರಮಾಣವೇ ಆ ಬಿಂದುವಿನಲ್ಲಿ ಹಗ್ಗದ ಎಳೆತ. 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾದಲ್ಲಿ ನ್ಯೂಟನ್ ತನ್ನ ಮೂರನೆಯ ನಿಯಮವನ್ನು ವಿವರಿಸಲು ಆರಿಸಿಕೊಂಡ ಉದಾಹರಣೆಗಳಲ್ಲಿ ಒಂದು ಹಗ್ಗದ್ದೇ: ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಕುದುರೆ ಎಳೆಯುವಾಗ, ಬಿಗಿದ ಹಗ್ಗ ಕಲ್ಲನ್ನು ಕುದುರೆಯ ಕಡೆಗೆ ಎಷ್ಟು ಎಳೆಯುತ್ತದೆಯೋ ಕುದುರೆಯನ್ನು ಕಲ್ಲಿನ ಕಡೆಗೂ ಅಷ್ಟೇ ಎಳೆಯುತ್ತದೆ.

ಎಳೆತಕ್ಕೆ ತನ್ನದೇ ಆದ ಸೂತ್ರವಿಲ್ಲ. ತೂಕಕ್ಕೆ ಸೂತ್ರವಿದೆ, ಜಾರುಘರ್ಷಣೆಗೆ ಸೂತ್ರವಿದೆ. ಎಳೆತ ಮಾತ್ರ ಸಂದರ್ಭಕ್ಕೆ ಬೇಕಾದಷ್ಟು ತಾನಾಗಿ ಹೊಂದಿಕೊಳ್ಳುತ್ತದೆ. ಬಾವಿಯಿಂದ 10 ಕಿಲೋಗ್ರಾಂ ತೂಗುವ ತುಂಬಿದ ಕೊಡವನ್ನು ಸೇದುತ್ತಾ ನಡುವೆ ಕೈ ನಿಲ್ಲಿಸಿದರೆ ಹಗ್ಗದ ಎಳೆತ 98 ನ್ಯೂಟನ್. ಒಂದೇ ವೇಗದಲ್ಲಿ ಮೇಲೆತ್ತುತ್ತಿದ್ದರೂ 98 ನ್ಯೂಟನ್ನೇ. ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನಂತೆ ವೇಗ ಹೆಚ್ಚಿಸುತ್ತಾ ಮೇಲಕ್ಕೆ ಜಗ್ಗಿದರೆ ಅದು 10 × (9.8 + 2) = 118 ನ್ಯೂಟನ್ನಿಗೆ ಏರುತ್ತದೆ; ಅದೇ ವೇಗೋತ್ಕರ್ಷದಿಂದ ಕೆಳಕ್ಕೆ ಬಿಟ್ಟರೆ 10 × (9.8 − 2) = 78 ನ್ಯೂಟನ್ನಿಗೆ ಇಳಿಯುತ್ತದೆ; ಹಗ್ಗವನ್ನು ಪೂರ್ತಿ ಕೈಬಿಟ್ಟರೆ ಸೊನ್ನೆ. ಕೊಡ ಅದೇ, ತೂಕ ಅದೇ, ಎಳೆತ ನಾಲ್ಕು ಬಗೆ. ಸವೆದ ಹಗ್ಗ ನಿಧಾನವಾಗಿ ಸೇದುವಾಗ ತಡೆದುಕೊಂಡು, ಅವಸರದಲ್ಲಿ ಜಗ್ಗಿದಾಗ ಕಡಿದುಹೋಗುವುದು ಈ ಕಾರಣದಿಂದ. ಆದ್ದರಿಂದ ಲೆಕ್ಕದ ಮೊದಲ ಸಾಲಿನಲ್ಲೇ ಎಳೆತದ ಜಾಗದಲ್ಲಿ ತೂಕವನ್ನು ಬರೆದುಬಿಡುವ ಅಭ್ಯಾಸವನ್ನು ಬಿಡಬೇಕು. ಎಳೆತ ನಾವು ಹಾಕುವ ಬೆಲೆಯಲ್ಲ. ಸಮೀಕರಣಗಳಿಂದ ಹೊರಬರಬೇಕಾದ ಉತ್ತರ.

ಲೆಕ್ಕಕ್ಕೆ ಮುನ್ನ ಒಪ್ಪಿಕೊಳ್ಳುವ ಮೂರು ಮಾತುಗಳು

ಪಠ್ಯಪುಸ್ತಕದ ಹೆಚ್ಚಿನ ಲೆಕ್ಕಗಳಲ್ಲಿ ಹಗ್ಗ ಹಗುರವಾದದ್ದು, ಹಿಗ್ಗದೇ ಇರುವಂಥದ್ದು, ರಾಟೆ ಘರ್ಷಣೆಯಿಲ್ಲದ ಹಗುರ ರಾಟೆ ಎಂಬ ಒಂದು ಸಾಲು ಇರುತ್ತದೆ. ಅದನ್ನು ಅಲಂಕಾರದ ಮಾತೆಂದು ಓದಿ ದಾಟಿಬಿಡುವವರೇ ಹೆಚ್ಚು. ನಿಜವಾಗಿ ಆ ಸಾಲಿನ ಪ್ರತಿಯೊಂದು ಪದವೂ ಒಂದೊಂದು ಸಮೀಕರಣಕ್ಕೆ ಸಮ.

ಹಗ್ಗದ ಒಂದು ತುಂಡಿಗೆ ನ್ಯೂಟನ್ನನ ಎರಡನೆಯ ನಿಯಮವನ್ನು (ಬಲ = ದ್ರವ್ಯರಾಶಿ × ವೇಗೋತ್ಕರ್ಷ) ಹಚ್ಚಿದರೆ, ಮುಂದಿನ ತುದಿಯ ಎಳೆತದಿಂದ ಹಿಂದಿನ ತುದಿಯ ಎಳೆತವನ್ನು ಕಳೆದಾಗ ಉಳಿಯುವುದು ಆ ತುಂಡಿನ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಹಗ್ಗ ಹಗುರ ಎಂದರೆ ಆ ದ್ರವ್ಯರಾಶಿಯನ್ನು ಸೊನ್ನೆ ಎಂದು ಹಿಡಿದಂತೆ; ಆಗ ವೇಗೋತ್ಕರ್ಷ ಎಷ್ಟೇ ಇರಲಿ, ಎರಡೂ ತುದಿಗಳ ಎಳೆತ ಒಂದೇ. ಹಿಗ್ಗದ ಹಗ್ಗ ಎಂದರೆ ಅದಕ್ಕೆ ಕಟ್ಟಿದ ಎರಡೂ ವಸ್ತುಗಳು ಒಂದೇ ಕಾಲದಲ್ಲಿ ಒಂದೇ ದೂರ ಸರಿಯಬೇಕು, ಹಾಗಾಗಿ ಅವುಗಳ ವೇಗೋತ್ಕರ್ಷದ ಪ್ರಮಾಣ ಒಂದೇ. ರಾಟೆ ಹಗುರವೂ ಘರ್ಷಣೆಯಿಲ್ಲದ್ದೂ ಆಗಿದ್ದರೆ ಅದು ಹಗ್ಗದ ದಿಕ್ಕನ್ನು ತಿರುಗಿಸುತ್ತದೆಯೇ ಹೊರತು ಎಳೆತದ ಪ್ರಮಾಣವನ್ನು ಮುಟ್ಟುವುದಿಲ್ಲ. ಈ ಮೂರರಲ್ಲಿ ಯಾವುದನ್ನು ಕೈಬಿಟ್ಟರೆ ಲೆಕ್ಕ ಎಲ್ಲಿ ಬದಲಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಹೆಜ್ಜೆಗಳು

ಮೊದಲು ಪ್ರತಿಯೊಂದು ವಸ್ತುವನ್ನೂ ಉಳಿದವುಗಳಿಂದ ಬಿಡಿಸಿ, ಬೇರೆ ಬೇರೆಯಾಗಿ ಒಂದೊಂದು ಚೌಕ ಬರೆದುಕೊಳ್ಳಬೇಕು. ಆ ಚೌಕದ ಮೇಲೆ ಹೊರಗಿನಿಂದ ಬೀಳುವ ಬಲಗಳನ್ನು ಮಾತ್ರ ಬಾಣಗಳಿಂದ ಗುರುತಿಸಬೇಕು: ಭೂಮಿಯಿಂದ ತೂಕ, ತಾಗಿರುವ ಮೇಲ್ಮೈಯಿಂದ ಲಂಬ ಬಲ ಮತ್ತು ಘರ್ಷಣೆ, ಕಟ್ಟಿರುವ ಪ್ರತಿಯೊಂದು ಹಗ್ಗದಿಂದ ಒಂದು ಎಳೆತ. ಹಗ್ಗದ ಬಾಣ ಯಾವಾಗಲೂ ವಸ್ತುವಿನಿಂದ ಹೊರಕ್ಕೆ, ಹಗ್ಗದ ಗುಂಟ ಹೋಗುತ್ತದೆ, ಏಕೆಂದರೆ ಹಗ್ಗ ಎಳೆಯಬಲ್ಲದು, ತಳ್ಳಲಾರದು. ಈ ಬಲಚಿತ್ರ ಬರೆಯುವಲ್ಲಿ ಜಿಪುಣತನ ಬೇಡ. ಚಿತ್ರವನ್ನು ಮನಸ್ಸಿನಲ್ಲೇ ಬರೆದುಕೊಂಡೆ ಎಂದು ನೇರ ಸಮೀಕರಣಕ್ಕೆ ಹಾರುವವರ ಉತ್ತರಪತ್ರಿಕೆಯಲ್ಲಿ ಒಂದು ಬಲ ಬಿಟ್ಟುಹೋಗಿರುವುದನ್ನೋ, ಒಂದು ಬಲ ಎರಡು ಸಲ ಸೇರಿರುವುದನ್ನೋ ಮತ್ತೆ ಮತ್ತೆ ಕಂಡಿದ್ದೇನೆ.

ಬಳಿಕ ಚಲನೆಯ ದಿಕ್ಕನ್ನು ಆರಿಸಿಕೊಳ್ಳಬೇಕು. ರಾಟೆಯ ಲೆಕ್ಕಗಳಲ್ಲಿ ಮೇಲಕ್ಕೆ ಧನ, ಕೆಳಕ್ಕೆ ಋಣ ಎಂದು ಹಿಡಿಯುವುದಕ್ಕಿಂತ ಹಗ್ಗ ಸಾಗುವ ದಿಕ್ಕನ್ನೇ ಧನ ಎಂದು ಹಿಡಿಯುವುದು ಸಲೀಸು: ಇಳಿಯುವ ವಸ್ತುವಿಗೆ ಕೆಳಮುಖ ಧನ, ಏರುವ ವಸ್ತುವಿಗೆ ಮೇಲ್ಮುಖ ಧನ. ಯಾವ ಕಡೆ ಚಲಿಸುತ್ತದೆ ಎಂದು ತಿಳಿಯದಿದ್ದರೆ ಘರ್ಷಣೆಯಿಲ್ಲದ ಲೆಕ್ಕದಲ್ಲಿ ಒಂದು ದಿಕ್ಕನ್ನು ಅಂದಾಜಿಗೆ ಹಿಡಿದರೆ ಸಾಕು. ಅಂದಾಜು ತಪ್ಪಿದ್ದರೆ ವೇಗೋತ್ಕರ್ಷ ಋಣವಾಗಿ ಬಂದು ಅದನ್ನು ತಿದ್ದುತ್ತದೆ. ಘರ್ಷಣೆ ಇದ್ದಾಗ ಈ ಸಲಿಗೆ ಇಲ್ಲ. ಚಲನೆಯ ದಿಕ್ಕು ಬದಲಾದರೆ ಘರ್ಷಣೆಯ ದಿಕ್ಕೂ ಬದಲಾಗುವುದರಿಂದ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಆಮೇಲೆ ಪ್ರತಿ ವಸ್ತುವಿಗೆ ಒಂದರಂತೆ, ಚಲನೆಯ ದಿಕ್ಕಿನ ಬಲಗಳ ಮೊತ್ತ = ದ್ರವ್ಯರಾಶಿ × ವೇಗೋತ್ಕರ್ಷ ಎಂಬ ಸಮೀಕರಣ ಬರೆಯಬೇಕು. ಬರವಣಿಗೆಯ ಅನುಕೂಲಕ್ಕೆ ಎಳೆತವನ್ನು ಟ ಎಂದೂ ವೇಗೋತ್ಕರ್ಷವನ್ನು ವ ಎಂದೂ ಕರೆಯೋಣ. ಗುರುತ್ವ ವೇಗೋತ್ಕರ್ಷಕ್ಕೆ 9.8 ಎಂಬ ಬೆಲೆಯನ್ನೇ ನೇರವಾಗಿ ಹಾಕೋಣ. ಸಮೀಕರಣಗಳನ್ನು ಕೂಡಿಸಿದಾಗ ಟ ಹೊಡೆದುಹೋಗಿ ವ ಸಿಗುತ್ತದೆ. ಹಾಗೆ ಸಿಕ್ಕ ವ ಬೆಲೆಯನ್ನು ಯಾವುದಾದರೂ ಒಂದು ವಸ್ತುವಿನ ಸಮೀಕರಣಕ್ಕೆ ಹಾಕಿ ಟ ಕಂಡುಹಿಡಿದು, ಬಳಸದೆ ಉಳಿಸಿದ್ದ ಇನ್ನೊಂದು ವಸ್ತುವಿನ ಸಮೀಕರಣದಲ್ಲಿ ಅದನ್ನು ಪರೀಕ್ಷಿಸಬೇಕು. ಈ ಕೊನೆಯ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಅದನ್ನು ಮಾಡದೆ ಉತ್ತರದ ಕೆಳಗೆ ಗೆರೆ ಎಳೆಯಬೇಡಿ.

ನೆಲದ ಮೇಲೆ ಒಂದರ ಹಿಂದೆ ಒಂದು

ನುಣುಪಾದ ನೆಲದ ಮೇಲೆ 6 ಕಿಲೋಗ್ರಾಮಿನ ಪೆಟ್ಟಿಗೆ ಮುಂದೆ, ಅದಕ್ಕೆ ಹಗ್ಗದಿಂದ ಕಟ್ಟಿದ 4 ಕಿಲೋಗ್ರಾಮಿನ ಪೆಟ್ಟಿಗೆ ಹಿಂದೆ. ಮುಂದಿನದನ್ನು 30 ನ್ಯೂಟನ್ ಬಲದಿಂದ ಎಳೆಯುತ್ತೇವೆ. ಮುಂದಿನ ಪೆಟ್ಟಿಗೆಗೆ 30 − ಟ = 6ವ; ಹಿಂದಿನದಕ್ಕೆ ಟ = 4ವ. ಕೂಡಿಸಿದರೆ 30 = 10ವ, ಅಂದರೆ ವ = 3 ಮೀಟರ್/ಸೆಕೆಂಡ್². ಹಿಂದಿನ ಪೆಟ್ಟಿಗೆಯಿಂದ ಟ = 12 ನ್ಯೂಟನ್; ಮುಂದಿನದರಲ್ಲಿ ಪರೀಕ್ಷಿಸಿದರೆ 30 − 12 = 18 = 6 × 3. ಸರಿಹೊಂದಿತು.

ಈಗ ಪೆಟ್ಟಿಗೆಗಳ ಜಾಗವನ್ನು ಅದಲು ಬದಲು ಮಾಡಿ. ಎಳೆಯುವ ಬಲ ಅದೇ, ವೇಗೋತ್ಕರ್ಷ ಅದೇ 3, ಆದರೆ ಹಗ್ಗ ಈಗ 6 ಕಿಲೋಗ್ರಾಮನ್ನು ಎಳೆಯಬೇಕಾದ್ದರಿಂದ ಟ = 18 ನ್ಯೂಟನ್. ಹಗ್ಗಕ್ಕೆ ಗೊತ್ತಿರುವುದು ತನ್ನ ಹಿಂದೆ ಎಷ್ಟು ಭಾರವಿದೆ ಎಂಬುದಷ್ಟೇ. ರೈಲಿನಲ್ಲಿಯೂ ಹೀಗೆಯೇ: ಎಂಜಿನ್ನಿನ ಹಿಂದೆ ಒಂದೇ ತೂಕದ ಮೂರು ಬೋಗಿಗಳಿದ್ದು, ತಡೆಬಲಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಮೊದಲ ಕೊಂಡಿಯ ಎಳೆತ ಕೊನೆಯ ಕೊಂಡಿಯದಕ್ಕಿಂತ ಮೂರು ಪಟ್ಟು. ಉದ್ದನೆಯ ಗೂಡ್ಸ್ ಗಾಡಿಯಲ್ಲಿ ಹೆಚ್ಚು ಸೆಳೆತಕ್ಕೆ ಒಳಗಾಗುವುದು ಎಂಜಿನ್ನಿಗೆ ಹತ್ತಿರದ ಕೊಂಡಿ.

ಘರ್ಷಣೆಯನ್ನು ಸೇರಿಸಿದಾಗ ಒಂದು ಸೊಗಸಾದ ಫಲಿತಾಂಶ ಕಾಣುತ್ತದೆ. ಮೊದಲಿನಂತೆ 6 ಕಿಲೋಗ್ರಾಂ ಮುಂದೆ, 4 ಕಿಲೋಗ್ರಾಂ ಹಿಂದೆ ಇರಲಿ. ಎರಡಕ್ಕೂ ಜಾರುಘರ್ಷಣೆಯ ಗುಣಾಂಕ, ಅಂದರೆ ಘರ್ಷಣೆಗೂ ಮೇಲ್ಮೈಯ ಲಂಬ ಬಲಕ್ಕೂ ಇರುವ ಅನುಪಾತ, 0.2 ಇರಲಿ. ಒಟ್ಟು ಘರ್ಷಣೆ 0.2 × 10 × 9.8 = 19.6 ನ್ಯೂಟನ್. ವೇಗೋತ್ಕರ್ಷ (30 − 19.6) ÷ 10 = 1.04. ಹಿಂದಿನ ಪೆಟ್ಟಿಗೆಯ ಮೇಲಿನ ಘರ್ಷಣೆ 7.84 ನ್ಯೂಟನ್ ಆದ್ದರಿಂದ ಟ = 4 × 1.04 + 7.84 = 12 ನ್ಯೂಟನ್. ಘರ್ಷಣೆಯೇ ಇಲ್ಲದಾಗ ಬಂದ ಅದೇ 12. ವೇಗೋತ್ಕರ್ಷ ಮೂರನೆಯ ಒಂದು ಭಾಗಕ್ಕೆ ಕುಸಿದರೂ ಎಳೆತ ಕದಲಲಿಲ್ಲ. ಇದು ಅಂಕಿಗಳ ಆಕಸ್ಮಿಕವಲ್ಲ. ಗುಣಾಂಕ ಎರಡಕ್ಕೂ ಒಂದೇ ಆಗಿದ್ದಾಗ ಎಳೆಯುವ ಬಲ ದ್ರವ್ಯರಾಶಿಯ ಅನುಪಾತದಲ್ಲೇ ಹಂಚಿಹೋಗುತ್ತದೆ, ಘರ್ಷಣೆಯೂ ಅದೇ ಅನುಪಾತದಲ್ಲಿ ಹಂಚಿಹೋಗುತ್ತದೆ. ಹಾಗಾಗಿ ಹಗ್ಗದ ಪಾಲು ಬದಲಾಗುವುದಿಲ್ಲ. ಗುಣಾಂಕಗಳು ಬೇರೆಯಾದ ಕೂಡಲೇ ಈ ಸಮತೋಲ ಮುರಿಯುತ್ತದೆ. ಮುಂದಿನದಕ್ಕೆ 0.1, ಹಿಂದಿನದಕ್ಕೆ 0.25 ಎಂದು ಹಿಡಿದು ನೀವೇ ಲೆಕ್ಕ ಮಾಡಿ: ಘರ್ಷಣೆಗಳು 5.88 ಮತ್ತು 9.8, ವೇಗೋತ್ಕರ್ಷ 1.432, ಎಳೆತ ಸುಮಾರು 15.53 ನ್ಯೂಟನ್ ಬರಬೇಕು.

ರಾಟೆಯ ಎರಡು ಕಡೆ ಎರಡು ತೂಕ

ರಾಟೆಯ ಮೇಲೆ ಹಾಯಿಸಿದ ಹಗ್ಗದ ಎರಡೂ ತುದಿಗೆ ತೂಕ ಕಟ್ಟಿದ ಈ ಏರ್ಪಾಟಿಗೆ ಆಟ್‌ವುಡ್ ಯಂತ್ರ ಎಂದು ಹೆಸರು. ಕೇಂಬ್ರಿಜ್‌ನ ಜಾರ್ಜ್ ಆಟ್‌ವುಡ್ 1784ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ. ನೇರವಾಗಿ ಬೀಳುವ ವಸ್ತು ಕಣ್ಣು ಮಿಟುಕಿಸುವಷ್ಟರಲ್ಲಿ ನೆಲ ಮುಟ್ಟುವುದರಿಂದ ಅಂದಿನ ಗಡಿಯಾರಗಳಲ್ಲಿ ಅದರ ವೇಗೋತ್ಕರ್ಷವನ್ನು ಅಳೆಯುವುದು ಕಷ್ಟವಾಗಿತ್ತು. ಎರಡು ಕಡೆಯೂ ಬಹುತೇಕ ಸಮ ತೂಕ ಕಟ್ಟಿದರೆ ವ್ಯತ್ಯಾಸದ ತೂಕವಷ್ಟೇ ಒಟ್ಟು ಭಾರವನ್ನು ಚಲಿಸಬೇಕಾಗುತ್ತದೆ. ಬೀಳುವಿಕೆ ನಿಧಾನವಾಗಿ ಅಳತೆಗೆ ಸಿಗುತ್ತದೆ.

3 ಕಿಲೋಗ್ರಾಂ ಒಂದು ಕಡೆ, 2 ಕಿಲೋಗ್ರಾಂ ಇನ್ನೊಂದು ಕಡೆ ಇರಲಿ. ಇಳಿಯುವ ಕಡೆಗೆ 29.4 − ಟ = 3ವ. ಏರುವ ಕಡೆಗೆ ಟ − 19.6 = 2ವ. ಕೂಡಿಸಿದರೆ 9.8 = 5ವ, ವ = 1.96. ಏರುವ ಕಡೆಯಿಂದ ಟ = 19.6 + 3.92 = 23.52 ನ್ಯೂಟನ್, ಇಳಿಯುವ ಕಡೆಯಿಂದ 29.4 − 5.88 = 23.52. ಎಳೆತ ಎರಡು ತೂಕಗಳ ನಡುವೆಯೇ ಬಂದಿದೆ ಎಂಬುದನ್ನು ಗಮನಿಸಿ. ಅದು ಹಾಗೆಯೇ ಬರಬೇಕು, ಏಕೆಂದರೆ ಹಗುರ ತೂಕವನ್ನು ಮೇಲೆತ್ತಲು ಅದರ ತೂಕಕ್ಕಿಂತ ಹೆಚ್ಚು, ಭಾರದ್ದು ಕೆಳಗಿಳಿಯಲು ಅದರ ತೂಕಕ್ಕಿಂತ ಕಡಿಮೆ ಇರಲೇಬೇಕು. ನಿಮ್ಮ ಉತ್ತರ 19.6ಕ್ಕಿಂತ ಕಡಿಮೆಯೋ 29.4ಕ್ಕಿಂತ ಹೆಚ್ಚೋ ಬಂದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ.

ಇಲ್ಲಿ ಇನ್ನೂ ಒಂದು ಸಂಗತಿ ಇದೆ, ನನಗೆ ಬಹಳ ಮೆಚ್ಚುಗೆಯಾದದ್ದು. ರಾಟೆಯನ್ನು ತೂಗುಹಾಕಿದ ಕೊಕ್ಕೆ ಎಷ್ಟು ಬಲವನ್ನು ಹೊರುತ್ತದೆ? ಹಗ್ಗ ರಾಟೆಯ ಎರಡೂ ಬದಿಯಲ್ಲಿ ಕೆಳಕ್ಕೆ ಎಳೆಯುವುದರಿಂದ 2 × 23.52 = 47.04 ನ್ಯೂಟನ್. ಆದರೆ ತೂಗುತ್ತಿರುವ ಒಟ್ಟು 5 ಕಿಲೋಗ್ರಾಮಿನ ತೂಕ 49 ನ್ಯೂಟನ್! ಕಡಿಮೆಯಾದ 1.96 ನ್ಯೂಟನ್ ಎಲ್ಲಿ ಹೋಯಿತು? ಭಾರದ ತೂಕ ಇಳಿಯುತ್ತಾ ಹಗುರದ್ದು ಏರುತ್ತಾ ಇರುವಾಗ ಎರಡರ ದ್ರವ್ಯರಾಶಿ ಕೇಂದ್ರ ಕೆಳಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಿರುತ್ತದೆ. ಅದರ ವೇಗೋತ್ಕರ್ಷ (3 × 1.96 − 2 × 1.96) ÷ 5 = 0.392, ಇದನ್ನು 5 ಕಿಲೋಗ್ರಾಮಿನಿಂದ ಗುಣಿಸಿದರೆ ಸಿಗುವುದು ಸರಿಯಾಗಿ 1.96 ನ್ಯೂಟನ್. ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಒಂದು ತೂಕವನ್ನು ಕೈಯಲ್ಲಿ ಕೆಳಗೆಳೆದು ಹಿಡಿಯದೆ ಹಗ್ಗವನ್ನು ರಾಟೆಗೆ ಒತ್ತಿ ನಿಲ್ಲಿಸಿ, ಬಳಿಕ ಒತ್ತು ಬಿಟ್ಟರೆ, ತೂಕಗಳು ಚಲಿಸುತ್ತಿರುವಷ್ಟು ಹೊತ್ತು ಮುಳ್ಳು ಸ್ವಲ್ಪ ಮೇಲೆ, ಅಂದರೆ ಕಡಿಮೆ ತೂಕದ ಕಡೆಗೆ, ಸರಿದಿರುವುದನ್ನು ಕಣ್ಣಾರೆ ನೋಡಬಹುದು.

ಮೇಜಿನ ಮೇಲೊಂದು, ಅಂಚಿನಲ್ಲಿ ತೂಗುವುದೊಂದು

ಒರಟು ಮೇಜಿನ ಮೇಲೆ 5 ಕಿಲೋಗ್ರಾಂ. ಅದಕ್ಕೆ ಕಟ್ಟಿದ ಹಗ್ಗ ಅಂಚಿನ ರಾಟೆಯನ್ನು ದಾಟಿ 3 ಕಿಲೋಗ್ರಾಮನ್ನು ತೂಗುಹಾಕಿಕೊಂಡಿದೆ. ಸ್ಥಿರ ಘರ್ಷಣೆಯ ಗುಣಾಂಕ 0.4, ಜಾರುಘರ್ಷಣೆಯದು 0.3. ಇಲ್ಲಿ ಸಮೀಕರಣ ಬರೆಯುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ವಸ್ತುಗಳು ಚಲಿಸುತ್ತವೆಯೇ ಎಂಬುದು. ಸ್ಥಿರ ಘರ್ಷಣೆ ಹೆಚ್ಚೆಂದರೆ 0.4 × 49 = 19.6 ನ್ಯೂಟನ್ ಕೊಡಬಲ್ಲದು. ತೂಗುವ ತೂಕ 29.4. ತಡೆಯಲಾಗದು, ಚಲಿಸುತ್ತದೆ. ಚಲಿಸತೊಡಗಿದ ಮೇಲೆ ಘರ್ಷಣೆ 0.3 × 49 = 14.7. ಆಗ 29.4 − ಟ = 3ವ ಮತ್ತು ಟ − 14.7 = 5ವ; ವ = 14.7 ÷ 8 = 1.8375; ಟ = 14.7 + 9.1875 = 23.8875, ಅಂದರೆ ಸುಮಾರು 23.9 ನ್ಯೂಟನ್.

ತೂಗುವ 3 ಕಿಲೋಗ್ರಾಮಿನ ಬದಲು 1 ಕಿಲೋಗ್ರಾಂ ಕಟ್ಟಿದರೆ? ಅದರ ತೂಕ 9.8 ನ್ಯೂಟನ್, ತಡೆಯ ಗರಿಷ್ಠ ಮಿತಿ 19.6. ಏನೂ ಚಲಿಸುವುದಿಲ್ಲ, ಎಳೆತ 9.8, ಘರ್ಷಣೆಯೂ 9.8. ಇಲ್ಲಿ ಘರ್ಷಣೆ 19.6 ಎಂದು ಬರೆದು, ವೇಗೋತ್ಕರ್ಷ ಋಣವಾಗಿ ಬಂತೆಂದು ಪೆಟ್ಟಿಗೆ ಹಿಂದಕ್ಕೆ ಹೋಗುತ್ತದೆ ಎಂದು ತೀರ್ಮಾನಿಸುವುದನ್ನು ನೋಡಿದ್ದೇನೆ. ಮೇಜು ಪೆಟ್ಟಿಗೆಯನ್ನು ತಾನಾಗಿ ಹಿಂದಕ್ಕೆ ಎಳೆದುಕೊಂಡು ಹೋಗಲಾರದು. ಸ್ಥಿರ ಘರ್ಷಣೆಯ ಸೂತ್ರ ಕೊಡುವುದು ಮಿತಿಯನ್ನು, ಬೆಲೆಯನ್ನಲ್ಲ.

ಇಳಿಜಾರು ಬಂದರೂ ವಿಧಾನ ಬದಲಾಗುವುದಿಲ್ಲ. ತೂಕವನ್ನು ಇಳಿಜಾರಿನ ಗುಂಟ ಮತ್ತು ಅದಕ್ಕೆ ಲಂಬವಾಗಿ ಒಡೆದುಕೊಳ್ಳಬೇಕು, ಅಷ್ಟೇ. 30° ಕೋನದ ನುಣುಪು ಇಳಿಜಾರಿನ ಮೇಲೆ 4 ಕಿಲೋಗ್ರಾಂ, ಮೇಲಿನ ರಾಟೆಯಾಚೆ ತೂಗುವ 3 ಕಿಲೋಗ್ರಾಂ ಇದ್ದರೆ, ಇಳಿಜಾರಿನ ಗುಂಟ ಕೆಳಕ್ಕೆ 39.2 × ಸೈನ್ 30° = 19.6 ನ್ಯೂಟನ್, ಆಚೆ ಕಡೆ 29.4. ವ = 9.8 ÷ 7 = 1.4; ಟ = 19.6 + 5.6 = 25.2, ಆಚೆಯಿಂದ 29.4 − 4.2 = 25.2.

ಚಲಿಸುವ ರಾಟೆ: ಹಗ್ಗದ ಉದ್ದವನ್ನು ಲೆಕ್ಕವಿಡುವುದು

ಇಲ್ಲಿಯವರೆಗೆ ಎರಡೂ ವಸ್ತುಗಳ ವೇಗೋತ್ಕರ್ಷ ಒಂದೇ ಆಗಿತ್ತು. ರಾಟೆಯೇ ಚಲಿಸುವಾಗ ಹಾಗಿರುವುದಿಲ್ಲ; ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. ಹಗ್ಗದ ಒಂದು ತುದಿಯನ್ನು ಮಾಳಿಗೆಯ ತೊಲೆಗೆ ಕಟ್ಟಿ, ಕೆಳಗೆ ಇಳಿಬಿಟ್ಟು, 6 ಕಿಲೋಗ್ರಾಂ ಹೊತ್ತ ಹಗುರ ರಾಟೆಯ ಅಡಿಯಿಂದ ಹಾಯಿಸಿ, ಮೇಲೆ ತೊಲೆಗೆ ಬಿಗಿದ ಇನ್ನೊಂದು ರಾಟೆಯನ್ನು ದಾಟಿಸಿ, ಆ ತುದಿಗೆ 4 ಕಿಲೋಗ್ರಾಂ ಕಟ್ಟಿದ್ದೇವೆ ಎನ್ನಿ.

ಸಮೀಕರಣ ಬರೆಯುವ ಮುನ್ನ ಹಗ್ಗದ ಉದ್ದವನ್ನು ನೋಡಿ. ಕೆಳಗಿನ ರಾಟೆ 1 ಮೀಟರ್ ಮೇಲೇರಿದರೆ ಅದರ ಎಡಗಡೆಯಲ್ಲಿ 1 ಮೀಟರ್, ಬಲಗಡೆಯಲ್ಲಿ 1 ಮೀಟರ್ ಹಗ್ಗ ಸಡಿಲವಾಗುತ್ತದೆ. ಹಗ್ಗದ ಒಟ್ಟು ಉದ್ದ ಬದಲಾಗಲಾರದ್ದರಿಂದ ಆ 2 ಮೀಟರನ್ನೂ 4 ಕಿಲೋಗ್ರಾಮಿನ ತೂಕ ಕೆಳಗಿಳಿದು ಎಳೆದುಕೊಳ್ಳಬೇಕು. ಆದ್ದರಿಂದ ರಾಟೆಯ ವೇಗೋತ್ಕರ್ಷ ವ ಆದರೆ ತೂಗುವ ತೂಕದ ವೇಗೋತ್ಕರ್ಷ 2ವ. ಇನ್ನು ಬಲಗಳು: ಒಂದೇ ಹಗ್ಗವಾದ್ದರಿಂದ ಎಳೆತ ಎಲ್ಲೆಡೆ ಟ, ಆದರೆ ಕೆಳಗಿನ ರಾಟೆಯನ್ನು ಆ ಹಗ್ಗ ಎರಡು ಎಳೆಗಳಲ್ಲಿ ಮೇಲೆತ್ತುತ್ತಿದೆ, ಹಾಗಾಗಿ ಅಲ್ಲಿ ಮೇಲ್ಮುಖ ಬಲ 2ಟ.

39.2 − ಟ = 4 × 2ವ; 2ಟ − 58.8 = 6ವ. ಮೊದಲನೆಯದನ್ನು ಎರಡರಿಂದ ಗುಣಿಸಿ ಕೂಡಿಸಿದರೆ 19.6 = 22ವ, ವ = 0.891. ಟ = 39.2 − 7.13 = 32.07 ನ್ಯೂಟನ್. ಪರೀಕ್ಷೆ: 2 × 32.07 − 58.8 = 5.34, ಅದೂ 6 × 0.891 = 5.35 ಕೂಡ, ದಶಾಂಶಗಳನ್ನು ಮೊಟಕುಗೊಳಿಸಿದ್ದರಿಂದ ಬಂದ ಅಲ್ಪ ವ್ಯತ್ಯಾಸ ಬಿಟ್ಟರೆ, ಹೊಂದುತ್ತವೆ. 4 ಕಿಲೋಗ್ರಾಂ 6 ಕಿಲೋಗ್ರಾಮನ್ನು ಮೇಲೆತ್ತುತ್ತಿದೆ; ಅದಕ್ಕೆ ಪ್ರತಿಯಾಗಿ ತಾನು ಎರಡರಷ್ಟು ದೂರ ಇಳಿಯುತ್ತಿದೆ.

ಹಗ್ಗಕ್ಕೂ ರಾಟೆಗೂ ತೂಕವಿದ್ದರೆ

ನಿಜವಾದ ಬಾವಿ ಹಗ್ಗ ಹಗುರವಲ್ಲ. ಮೀಟರಿಗೆ 0.25 ಕಿಲೋಗ್ರಾಂ ತೂಗುವ ಹಗ್ಗ 20 ಮೀಟರ್ ಇಳಿದಿದ್ದರೆ ಅದರದೇ 5 ಕಿಲೋಗ್ರಾಂ. ಕೆಳಗೆ 12 ಕಿಲೋಗ್ರಾಮಿನ ಕೊಡ ನಿಶ್ಚಲವಾಗಿ ತೂಗುತ್ತಿದ್ದರೆ ಕೊಡದ ಕುಣಿಕೆಯ ಬಳಿ ಎಳೆತ 117.6 ನ್ಯೂಟನ್, ರಾಟೆಯ ಬಳಿ 166.6, ನಡುವೆ 142.1. ಇಂಥ ಲೆಕ್ಕದಲ್ಲಿ "ಹಗ್ಗದ ಎಳೆತ" ಎಂದು ಕೇಳುವುದೇ ಅರೆಬರೆ ಪ್ರಶ್ನೆ. ಯಾವ ಬಿಂದುವಿನಲ್ಲಿ ಎಂದು ಹೇಳಬೇಕು. ವಿಧಾನ ಸುಲಭ: ಬೇಕಾದ ಬಿಂದುವಿನಲ್ಲಿ ಹಗ್ಗವನ್ನು ಮನಸ್ಸಿನಲ್ಲೇ ಕತ್ತರಿಸಿ, ಅದರ ಕೆಳಗಿನದೆಲ್ಲವನ್ನೂ ಒಂದೇ ವಸ್ತುವೆಂದು ಹಿಡಿದು ಎರಡನೆಯ ನಿಯಮ ಬರೆಯುವುದು.

ರಾಟೆಗೆ ತೂಕವಿದ್ದು ಹಗ್ಗ ಅದರ ಮೇಲೆ ಜಾರದೆ ಅದನ್ನು ತಿರುಗಿಸುತ್ತಿದ್ದರೆ ಎರಡೂ ಬದಿಯ ಎಳೆತ ಸಮವಾಗಿರಲಾರದು, ಏಕೆಂದರೆ ಸಮವಾಗಿದ್ದರೆ ರಾಟೆಯನ್ನು ತಿರುಗಿಸಲು ಏನೂ ಉಳಿಯುವುದಿಲ್ಲ. ಮೇಲಿನ 3 ಮತ್ತು 2 ಕಿಲೋಗ್ರಾಮಿನ ಲೆಕ್ಕದಲ್ಲಿ ರಾಟೆ 2 ಕಿಲೋಗ್ರಾಮಿನ ಸಮದಪ್ಪದ ತಟ್ಟೆ ಎಂದಿಟ್ಟುಕೊಳ್ಳಿ. ತಟ್ಟೆಯನ್ನು ತಿರುಗಿಸಲು ಬೇಕಾದ ಎಳೆತದ ವ್ಯತ್ಯಾಸ ಅದರ ದ್ರವ್ಯರಾಶಿಯ ಅರ್ಧ ಗುಣಿಸು ವ, ಅಂದರೆ 1 × ವ. ಆಗ 9.8 = (3 + 2 + 1)ವ, ವ = 1.633, ಭಾರದ ಬದಿಯ ಎಳೆತ 24.5, ಹಗುರ ಬದಿಯದು 22.87, ವ್ಯತ್ಯಾಸ 1.63 ನ್ಯೂಟನ್.

ರಾಟೆಯೇ ಇಲ್ಲದೆ ಹಗ್ಗ ತೊಲೆಗೋ ಕಲ್ಲಿಗೋ ಉಜ್ಜುತ್ತಾ ಸಾಗಿದರೆ ಅಂತರ ಇನ್ನೂ ದೊಡ್ಡದು. ಘರ್ಷಣೆಯ ಗುಣಾಂಕ 0.3 ಇದ್ದು ಹಗ್ಗ ಅರ್ಧ ಸುತ್ತು ಬಳಸಿದ್ದರೆ ಎಳೆಯುವ ಬದಿಯ ಎಳೆತ ಹೊರೆಯ ಬದಿಯದಕ್ಕಿಂತ ಸುಮಾರು 2.57 ಪಟ್ಟು ಇರಬೇಕಾಗುತ್ತದೆ. ಹಳೆಯ ಬಾವಿಗಳ ಕಟ್ಟೆಯ ಕಲ್ಲಿನಲ್ಲಿ ಬೆರಳು ಹುದುಗುವಷ್ಟು ಆಳದ ಗೆರೆಗಳನ್ನು ಕಂಡವರಿಗೆ ಆ ಹೆಚ್ಚಿನ ಬಲ ಏನು ಮಾಡುತ್ತಿತ್ತೆಂದು ಹೇಳಬೇಕಾಗಿಲ್ಲ.

ಎಳೆತ ಋಣವಾಗಿ ಬಂದರೆ

ಕೊನೆಯದಾಗಿ, ಲೆಕ್ಕವೆಲ್ಲ ಸರಿಯಾಗಿದ್ದೂ ಉತ್ತರ ವಿಚಿತ್ರವಾಗಿ ಕಾಣುವ ಒಂದು ಸಂದರ್ಭ. 30° ಇಳಿಜಾರಿನ ಮೇಲೆ ತಲಾ 2 ಕಿಲೋಗ್ರಾಮಿನ ಎರಡು ಪೆಟ್ಟಿಗೆಗಳು ಹಗ್ಗದಿಂದ ಜೋಡಣೆಯಾಗಿ ಕೆಳಕ್ಕೆ ಜಾರುತ್ತಿವೆ. ಮುಂದಿನ, ಅಂದರೆ ಕೆಳಗಿನ ಪೆಟ್ಟಿಗೆಯ ಜಾರುಘರ್ಷಣೆಯ ಗುಣಾಂಕ 0.3, ಮೇಲಿನದರದು 0.1. ಎರಡೂ ಒಂದೇ ವೇಗೋತ್ಕರ್ಷದಿಂದ ಚಲಿಸುತ್ತವೆ ಎಂದು ಹಿಡಿದರೆ ವ = 3.20 ಬರುತ್ತದೆ; ಅದನ್ನು ಮೇಲಿನ ಪೆಟ್ಟಿಗೆಯ ಸಮೀಕರಣಕ್ಕೆ ಹಾಕಿದರೆ ಟ = −1.70 ನ್ಯೂಟನ್. ಹಲವರು ಇಲ್ಲಿ ಋಣಚಿಹ್ನೆಯನ್ನು ಸುಮ್ಮನೆ ಅಳಿಸಿ 1.70 ಎಂದು ಬರೆದು ಮುಗಿಸುತ್ತಾರೆ. ಅದು ತಪ್ಪು. ಋಣ ಎಳೆತ ಎಂದರೆ ಹಗ್ಗ ತಳ್ಳಬೇಕು ಎಂದರ್ಥ, ಹಗ್ಗ ತಳ್ಳಲಾರದು. ಆದ್ದರಿಂದ ನಾವು ಆರಂಭದಲ್ಲಿ ಒಪ್ಪಿಕೊಂಡ "ಹಗ್ಗ ಬಿಗಿಯಾಗಿದೆ, ವೇಗೋತ್ಕರ್ಷ ಒಂದೇ" ಎಂಬ ಮಾತೇ ಇಲ್ಲಿ ಸುಳ್ಳು. ಹಗ್ಗವನ್ನು ಲೆಕ್ಕದಿಂದ ತೆಗೆದುಹಾಕಿ ಎರಡನ್ನೂ ಬೇರೆ ಬೇರೆ ಬಿಡಿಸಿದರೆ ಮೇಲಿನದರ ವೇಗೋತ್ಕರ್ಷ 4.05, ಕೆಳಗಿನದರದು 2.35. ಹಿಂದಿನದು ಮುಂದಿನದನ್ನು ಅಟ್ಟಿಸಿಕೊಂಡು ಬರುತ್ತಿದೆ, ನಡುವಿನ ಹಗ್ಗ ಜೋತುಬಿದ್ದಿದೆ, ಎಳೆತ ಸೊನ್ನೆ. ಇದೇ ಪೆಟ್ಟಿಗೆಗಳನ್ನು ಅದಲು ಬದಲು ಮಾಡಿ, ಸರಾಗವಾಗಿ ಜಾರುವುದನ್ನು ಕೆಳಗಿಟ್ಟರೆ ಅದು ಮೇಲಿನದನ್ನು ಜಗ್ಗುತ್ತಾ ಇಳಿಯುತ್ತದೆ; ಆಗ ವ = 3.20 ನಿಜವಾಗುತ್ತದೆ, ಹಗ್ಗ ಬಿಗಿಯುತ್ತದೆ, ಎಳೆತ 1.70 ನ್ಯೂಟನ್ ಆಗುತ್ತದೆ.